ಇಬ್ನು ಖಲ್ದೂನ್: ಕೆಲಸ ಅರಸಿ ಅಲೆದ ವಿದ್ವಾಂಸ

ಇಬ್ನು ಖಲ್ದೂನ್ ಎಂಬ ಹೆಸರು ನಮ್ಮಲ್ಲಿ ಅನೇಕರಿಗೆ ಗೊತ್ತಿದೆ. ಸಮಾಜಶಾಸ್ತ್ರದ ಮೂಲಪುರುಷರಲ್ಲಿ ಒಬ್ಬರು, ಇತಿಹಾಸಕ್ಕೆ ಶಾಸ್ತ್ರದ ರೂಪ ಕೊಟ್ಟವರು, 'ಮುಕದ್ದಿಮಾ' ಎಂಬ ಮಹಾಗ್ರಂಥದ ಕರ್ತೃ ಎಂದು ಭಾಷಣಗಳಲ್ಲಿ ಕೇಳುತ್ತೇವೆ, ಪ್ರಬಂಧ ಸ್ಪರ್ಧೆಗಳಲ್ಲಿ ಬರೆಯುತ್ತೇವೆ. ಆದರೆ ಆ ಗ್ರಂಥ ಬರೆಯುವಾಗ ಅವರ ಸ್ಥಿತಿ ಹೇಗಿತ್ತು ಎಂಬುದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಆಗ ಅವರಿಗೆ 45 ವರ್ಷ. ಕೈಯಲ್ಲಿ ಕೆಲಸವಿರಲಿಲ್ಲ. ಐದಾರು ದೊರೆಗಳ ಬಳಿ ನೌಕರಿ ಮಾಡಿ, ಕೆಲವನ್ನು ತಾವೇ ಬಿಟ್ಟು, ಕೆಲವನ್ನು ಕಳೆದುಕೊಂಡು, ಒಮ್ಮೆ ಜೈಲಿನಲ್ಲೂ ಇದ್ದು ಬಂದಿದ್ದರು. ಹೆಂಡತಿ ಮಕ್ಕಳೊಂದಿಗೆ ಬೇರೊಬ್ಬರ ಕೋಟೆಯಲ್ಲಿ ಆಶ್ರಿತರಾಗಿದ್ದರು. ಅವರ ಪಾಂಡಿತ್ಯದ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ಈ ಲೇಖನದಲ್ಲಿ ಅವರ ನೌಕರಿಗಳ ಕಥೆಯನ್ನು ಮಾತ್ರ ಹೇಳುತ್ತೇನೆ.

ಅವರು ಹುಟ್ಟಿದ್ದು 1332ರ ಮೇ 27ರಂದು, ಟ್ಯುನಿಸ್ ನಗರದಲ್ಲಿ. ಮನೆತನದ ಮೂಲ ಯಮನಿನ ಹಳ್ರಮೌತ್. ಪೂರ್ವಜರು ಸ್ಪೇನಿನ ಸೆವಿಲ್ ನಗರದಲ್ಲಿ ತಲೆಮಾರುಗಳ ಕಾಲ ದೊಡ್ಡ ಹುದ್ದೆಗಳಲ್ಲಿದ್ದವರು. 1248ರಲ್ಲಿ ಸೆವಿಲ್ ಕ್ರೈಸ್ತ ರಾಜರ ಕೈಸೇರುವುದಕ್ಕೆ ಮೊದಲೇ ಊರು ಬಿಟ್ಟು ಸಮುದ್ರ ದಾಟಿ ಟ್ಯುನಿಸ್‌ಗೆ ಬಂದರು. ಮುತ್ತಜ್ಜ ಅಲ್ಲಿನ ಸುಲ್ತಾನರ ಹಣಕಾಸು ಮಂತ್ರಿಯಾಗಿದ್ದು, ಅಧಿಕಾರ ಬದಲಾದಾಗ ಕೊಲೆಯಾದರು. ಇದನ್ನೆಲ್ಲ ಕಂಡು ಕೇಳಿದ್ದ ತಂದೆ ಸರಕಾರಿ ಹುದ್ದೆಯ ಗೊಡವೆಗೇ ಹೋಗದೆ ಓದು, ಪಾಠ, ಆರಾಧನೆಗಳಲ್ಲಿ ಜೀವನ ಕಳೆದರು. ಮಗ ತಂದೆಯ ದಾರಿ ಹಿಡಿದಿದ್ದರೆ ಅವರ ಬದುಕು ಶಾಂತವಾಗಿರುತ್ತಿತ್ತೇನೋ. ಅವರು ಹಿಡಿದದ್ದು ಮುತ್ತಜ್ಜನ ದಾರಿ.

ಮುಂದಿನ ಕಥೆ ಅರ್ಥವಾಗಬೇಕಾದರೆ ಆಗಿನ ಉತ್ತರ ಆಫ್ರಿಕಾದ ನಕ್ಷೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಪೂರ್ವದಲ್ಲಿ ಟ್ಯುನಿಸ್‌ನ ಹಫ್ಸಿ ಸುಲ್ತಾನರು. ನಡುವೆ, ಇಂದಿನ ಅಲ್ಜೀರಿಯಾದಲ್ಲಿ, ತಿಲಿಮ್ಸಾನ್ ನಗರದ ಝಯ್ಯಾನಿ ದೊರೆಗಳು. ಪಶ್ಚಿಮದಲ್ಲಿ, ಇಂದಿನ ಮೊರೊಕ್ಕೊದಲ್ಲಿ, ಫೆಝ್ ನಗರದ ಮರೀನಿ ಸುಲ್ತಾನರು. ಸಮುದ್ರದಾಚೆ ಸ್ಪೇನಿನಲ್ಲಿ ಗ್ರನಾಡಾ ಎಂಬ ಒಂದು ಚಿಕ್ಕ ಮುಸ್ಲಿಮ್ ರಾಜ್ಯ ಉಳಿದುಕೊಂಡಿತ್ತು. ಇವರೆಲ್ಲ ಪರಸ್ಪರ ಕಾದಾಡುತ್ತಿದ್ದರು. ಒಂದೇ ಮನೆತನದೊಳಗೆ ಅಣ್ಣ ತಮ್ಮಂದಿರು, ದಾಯಾದಿಗಳು ಸಿಂಹಾಸನಕ್ಕಾಗಿ ಕಾದಾಡುತ್ತಿದ್ದರು. ದೊರೆ ಬಿದ್ದರೆ ಅವನ ಕಾರ್ಯದರ್ಶಿಯೂ ಬಿದ್ದ. ಓದು ಬರಹ ಬಲ್ಲ ಯುವಕನಿಗೆ ಸಿಗುತ್ತಿದ್ದ ಒಳ್ಳೆಯ ಕೆಲಸವೆಂದರೆ ದೊರೆಯ ಕಚೇರಿಯ ಕೆಲಸ, ಮತ್ತು ಅದಕ್ಕೆ ದೊರೆಯ ಆಯುಷ್ಯದಷ್ಟೇ ಭದ್ರತೆ.

ಬಾಲ್ಯದಲ್ಲಿ ಅವರಿಗೆ ಉತ್ತಮ ಶಿಕ್ಷಣ ಸಿಕ್ಕಿತು. ಕುರ್‌ಆನ್ ಕಂಠಪಾಠ, ಹದೀಸ್, ಮಾಲಿಕಿ ಫಿಕ್‌ಹ್, ಅರಬಿ ವ್ಯಾಕರಣ ಮತ್ತು ಕಾವ್ಯ. 1347ರಲ್ಲಿ ಫೆಝ್‌ನ ಸುಲ್ತಾನ ಟ್ಯುನಿಸ್ ಗೆದ್ದಾಗ ಅವನ ಜೊತೆ ದೊಡ್ಡ ದೊಡ್ಡ ವಿದ್ವಾಂಸರು ಬಂದರು. ಅವರಲ್ಲೊಬ್ಬರಾದ ಅಲ್ ಆಬಿಲಿಯವರಿಂದ ಈ ಹುಡುಗ ಗಣಿತ, ತರ್ಕ, ತತ್ವಶಾಸ್ತ್ರ ಕಲಿತರು. ಮರುವರ್ಷ ಪ್ಲೇಗ್ ಬಂತು. ಏಷ್ಯಾ, ಯುರೋಪು, ಆಫ್ರಿಕಾಗಳನ್ನೆಲ್ಲ ಗುಡಿಸಿಹಾಕಿದ ಆ ಮಹಾಮಾರಿ ತಂದೆ ತಾಯಿ ಇಬ್ಬರನ್ನೂ, ಅನೇಕ ಉಸ್ತಾದರನ್ನೂ ಕೊಂಡೊಯ್ದಿತು. ಬದುಕಿ ಉಳಿದ ವಿದ್ವಾಂಸರು ಸೋತ ಸುಲ್ತಾನನ ಹಿಂದೆ ಫೆಝ್‌ಗೆ ಮರಳಿದರು, ಅಲ್ ಆಬಿಲಿಯವರೂ ಹೊರಟುಹೋದರು. ಇಬ್ನು ಖಲ್ದೂನರಿಗೆ ಆಗ ಹದಿನೇಳು ದಾಟಿತ್ತು, ಅಂದರೆ ನಮ್ಮ ದ್ವಿತೀಯ ಪಿಯುಸಿಯ ವಯಸ್ಸು. ಮನೆಯಲ್ಲಿ ಹಿರಿಯರಿಲ್ಲ, ಊರಲ್ಲಿ ಗುರುಗಳಿಲ್ಲ. ತಾವೂ ಫೆಝ್‌ಗೆ ಹೋಗುತ್ತೇನೆಂದು ಹೊರಟಾಗ ಅಣ್ಣ ಮುಹಮ್ಮದ್ ತಡೆದರು.

ಅಷ್ಟರಲ್ಲಿ ಮೊದಲ ಕೆಲಸ ಸಿಕ್ಕಿತು. 1352ರಲ್ಲಿ ಟ್ಯುನಿಸ್‌ನ ಆಡಳಿತ ಹಿಡಿದಿದ್ದ ಇಬ್ನು ತಾಫ್ರಾಗೀನ್ ಇವರನ್ನು ಕಚೇರಿಗೆ ಕರೆಸಿಕೊಂಡರು. ಕೆಲಸ ಇಷ್ಟೇ: ಸುಲ್ತಾನನ ಹೆಸರಿನಲ್ಲಿ ಹೊರಡುವ ಪತ್ರಗಳಲ್ಲಿ ಬಿಸ್ಮಿಲ್ಲಾಹ್‌ಗೂ ಪತ್ರದ ವಿಷಯಕ್ಕೂ ನಡುವೆ ಅಲ್ಲಾಹನ ಸ್ತುತಿಯ ವಾಕ್ಯವನ್ನು ದಪ್ಪ ಅಕ್ಷರಗಳಲ್ಲಿ ಬರೆಯುವುದು. ಅದು ಬಿದ್ದರೆ ಪತ್ರ ಅಧಿಕೃತ, ಇಂದಿನ ಕಚೇರಿಯ ಮೊಹರಿನ ಹಾಗೆ. ಗೌರವದ ಕೆಲಸವೇ, ಆದರೆ ತಲೆಗೆ ಕೆಲಸವಿಲ್ಲ. ತರ್ಕಶಾಸ್ತ್ರ ಓದಿದ ಇಪ್ಪತ್ತರ ಯುವಕ ದಿನವಿಡೀ ಒಂದೇ ವಾಕ್ಯ ಬರೆಯುತ್ತಾ ಕೂರಬೇಕು. ಒಳ್ಳೆಯ ಅವಕಾಶ ಸಿಕ್ಕರೆ ಊರು ಬಿಡಬೇಕೆಂದು ಆಗಲೇ ತೀರ್ಮಾನಿಸಿದ್ದರು. ಅದೇ ವರ್ಷ ಟ್ಯುನಿಸ್ ಸೈನ್ಯದ ಜೊತೆ ಹೋದಾಗ ಸೈನ್ಯ ಸೋತಿತು. ಇವರು ಊರಿಗೆ ಹಿಂತಿರುಗುವ ಬದಲು ಪಶ್ಚಿಮದ ದಾರಿ ಹಿಡಿದರು. ಊರಿಂದೂರಿಗೆ ಸಾಗಿ, ಫೆಝ್‌ನ ಹೊಸ ಸುಲ್ತಾನ ಅಬೂ ಇನಾನನ ಪರಿಚಯ ಸಂಪಾದಿಸಿ, 1354ರಲ್ಲಿ ಆತನ ಆಹ್ವಾನದ ಮೇರೆಗೆ ಫೆಝ್ ಸೇರಿದರು.

ಫೆಝ್‌ನಲ್ಲಿ ಓದಿಗೆ ಕೊರತೆಯಿರಲಿಲ್ಲ. ದೊಡ್ಡ ವಿದ್ವಾಂಸರ ಸಹವಾಸ ಸಿಕ್ಕಿತು. ಕೊಟ್ಟ ಹುದ್ದೆ ಮಾತ್ರ ಮತ್ತೆ ಕಾರಕೂನಿಕೆ, ಸುಲ್ತಾನನ ಆದೇಶಗಳನ್ನು ಬರೆದಿಡುವುದು. ತಮ್ಮ ಹಿರಿಯರಲ್ಲಿ ಯಾರೂ ಇಷ್ಟು ಸಣ್ಣ ಕೆಲಸ ಮಾಡಿರಲಿಲ್ಲವೆಂಬ ಬೇಸರ ಅವರಿಗಿತ್ತು. ಅದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮುಚ್ಚಿಟ್ಟಿಲ್ಲ. ಈ ಬೇಸರವೇ ಅವರನ್ನು ರಾಜಕೀಯದ ಕಡೆಗೆ ಎಳೆಯಿತು. ಫೆಝ್‌ನಲ್ಲಿ ಸೆರೆಯಲ್ಲಿದ್ದ ಬಿಜಾಯ ಪಟ್ಟಣದ ಮಾಜಿ ಅಮೀರನೊಂದಿಗೆ ಸ್ನೇಹ ಬೆಳೆಯಿತು. ಅವನನ್ನು ಬಿಡಿಸುವ ಪಿತೂರಿಯಲ್ಲಿ ಇವರೂ ಇದ್ದಾರೆಂದು ಯಾರೋ ಸುಲ್ತಾನನ ಕಿವಿಗೆ ಹಾಕಿದರು. 1357ರ ಫೆಬ್ರವರಿಯಲ್ಲಿ ಇವರನ್ನು ಜೈಲಿಗೆ ಹಾಕಲಾಯಿತು. ಬಿಜಾಯದ ಅಮೀರ ಬೇಗ ಹೊರಬಂದ. ಇವರು ಸುಮಾರು 21 ತಿಂಗಳು ಒಳಗಿದ್ದರು. ಅರ್ಜಿಗಳ ಮೇಲೆ ಅರ್ಜಿ ಬರೆದರು. ಕೊನೆಗೆ ಇನ್ನೂರರಷ್ಟು ಸಾಲುಗಳ ಕವಿತೆಯೊಂದನ್ನು ಬರೆದು ಕಳಿಸಿದಾಗ ಸುಲ್ತಾನ ಮೆಚ್ಚಿ ಬಿಡುಗಡೆಯ ಮಾತು ಕೊಟ್ಟ. ಆದರೆ ಮಾತು ನಡೆಸುವ ಮೊದಲೇ ಕಾಯಿಲೆ ಬಿದ್ದು 1358ರಲ್ಲಿ ತೀರಿಹೋದ. ಜೈಲಿನ ಬಾಗಿಲು ತೆರೆಸಿದ್ದು ಅವನ ವಝೀರ.

ಇಲ್ಲಿಂದ ಮುಂದಿನ ಹದಿನೈದು ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಊರು ಬದಲಾದರೂ ಕಥೆ ಬದಲಾಗುವುದಿಲ್ಲ. ಅಬೂ ಸಾಲಿಮ್ ಎಂಬವನು ಸಿಂಹಾಸನ ಏರಲು ಇಬ್ನು ಖಲ್ದೂನ್ ನೆರವಾದರು, ಅವನ ಖಾಸಗಿ ಕಾರ್ಯದರ್ಶಿಯಾದರು, ದೂರುಗಳ ವಿಚಾರಣೆಯ ನ್ಯಾಯಾಧೀಶರೂ ಆದರು. ಎರಡು ವರ್ಷದಲ್ಲಿ ಅಬೂ ಸಾಲಿಮ್ ಕೊಲೆಯಾದ. ಹೊಸದಾಗಿ ಅಧಿಕಾರ ಹಿಡಿದ ವಝೀರ ಹಳೆಯ ಗೆಳೆಯನೇ, ಆದರೂ ಬಯಸಿದ ಹುದ್ದೆ ಕೊಡಲಿಲ್ಲ, ಎದುರಾಳಿ ರಾಜ್ಯಕ್ಕೆ ಹೋಗಲೂ ಬಿಡಲಿಲ್ಲ. ಹೆಂಡತಿ ಮಕ್ಕಳನ್ನು ಅವಳ ತವರಿನವರ ಬಳಿಗೆ ಕಳಿಸಿ 1362ರ ಕೊನೆಯಲ್ಲಿ ಇವರು ಗ್ರನಾಡಾಕ್ಕೆ ಹೋದರು. ಅಲ್ಲಿನ ಸುಲ್ತಾನ ಐದನೆಯ ಮುಹಮ್ಮದ್ ಒಮ್ಮೆ ಫೆಝ್‌ನಲ್ಲಿ ನಿರಾಶ್ರಿತನಾಗಿದ್ದಾಗ ಇವರು ಉಪಕಾರ ಮಾಡಿದ್ದರು. ಅವನು ಅದನ್ನು ಮರೆತಿರಲಿಲ್ಲ.

ಗ್ರನಾಡಾದಲ್ಲಿ ನಡೆದ ಒಂದು ಸಂಗತಿಯನ್ನು ಮಾತ್ರ ಬಿಡುವಂತಿಲ್ಲ. 1364ರಲ್ಲಿ ಸುಲ್ತಾನ ಇವರನ್ನು ಸೆವಿಲ್‌ನ ಕ್ರೈಸ್ತ ರಾಜ ಪೇದ್ರೊ ಬಳಿಗೆ ರಾಯಭಾರಿಯಾಗಿ ಕಳಿಸಿದ. ತಮ್ಮ ಪೂರ್ವಜರು ನೂರಾರು ವರ್ಷ ಬಾಳಿದ ಊರನ್ನು ಅವರು ಕಣ್ಣಾರೆ ಕಂಡರು. ತನ್ನ ಬಳಿಯೇ ಉಳಿದರೆ ಹಿರಿಯರ ಆಸ್ತಿಯನ್ನು ಮರಳಿಸುತ್ತೇನೆಂದು ಪೇದ್ರೊ ಹೇಳಿದ. ಭದ್ರ ನೌಕರಿ ಮತ್ತು ಪಿತ್ರಾರ್ಜಿತ ಆಸ್ತಿ ಎರಡೂ ಒಟ್ಟಿಗೆ ಸಿಗುತ್ತಿದ್ದವು. ಇವರು ನಯವಾಗಿ ಒಲ್ಲೆನೆಂದು ಹಿಂದಿರುಗಿದರು. ಗ್ರನಾಡಾದ ಸುಲ್ತಾನ ಸಂತೋಷಪಟ್ಟು ಒಂದು ಹಳ್ಳಿಯ ಆದಾಯವನ್ನೇ ಬಿಟ್ಟುಕೊಟ್ಟ. ಕುಟುಂಬವನ್ನು ಕರೆಸಿಕೊಂಡರು, ಇನ್ನು ನೆಲೆಯಾಯಿತು ಎನ್ನುವಷ್ಟರಲ್ಲಿ ಅಲ್ಲಿನ ಪ್ರಬಲ ವಝೀರ ಮತ್ತು ದೊಡ್ಡ ಸಾಹಿತಿ ಇಬ್ನುಲ್ ಖತೀಬ್ ಜೊತೆಗಿನ ಸ್ನೇಹ ಹಳಸತೊಡಗಿತು. ಒಂದೇ ಆಸ್ಥಾನದಲ್ಲಿ ಇಬ್ಬರು ಬುದ್ಧಿವಂತರಿಗೆ ಸ್ಥಳವಿರಲಿಲ್ಲ. 1365ರಲ್ಲಿ ಮತ್ತೆ ಹಡಗು ಹತ್ತಿದರು.

ಈ ಸಲ ಕರೆದದ್ದು ಜೈಲಿನ ಕಾಲದ ಆ ಹಳೆಯ ಗೆಳೆಯ. ಬಿಜಾಯ ಅವನ ಕೈಗೆ ಮರಳಿ ಬಂದಿತ್ತು. ಇಬ್ನು ಖಲ್ದೂನರನ್ನು ಅವನು ಹಾಜಿಬ್ ಮಾಡಿದ, ಅಂದರೆ ಪ್ರಧಾನಮಂತ್ರಿಗೆ ಸಮಾನವಾದ ಹುದ್ದೆ. ಬಯಸಿದ್ದೆಲ್ಲ 33ನೆಯ ವಯಸ್ಸಿನಲ್ಲಿ ಸಿಕ್ಕಿತು. ಬೆಳಿಗ್ಗೆ ರಾಜ್ಯದ ಕೆಲಸ ನೋಡಿ, ಆಮೇಲೆ ಮಸೀದಿಯಲ್ಲಿ ಕುಳಿತು ಪಾಠ ಹೇಳುತ್ತಿದ್ದರು. ಆ ಪಾಠವನ್ನು ಅವರು ಯಾವ ಊರಿನಲ್ಲೂ ಬಿಟ್ಟಿಲ್ಲ ಎಂಬುದು ನೆನಪಿನಲ್ಲಿರಲಿ. ಹಾಜಿಬ್ ಹುದ್ದೆ ಒಂದು ವರ್ಷ ಬಾಳಿತು. 1366ರಲ್ಲಿ ಅಮೀರನನ್ನು ಅವನ ದಾಯಾದಿಯೇ ಯುದ್ಧದಲ್ಲಿ ಕೊಂದ. ಇಬ್ನು ಖಲ್ದೂನ್ ಊರನ್ನು ಗೆದ್ದವನಿಗೆ ಒಪ್ಪಿಸಿ, ಕೆಲಕಾಲ ಅವನ ಸೇವೆಯಲ್ಲೂ ಇದ್ದು, ಅಪಾಯದ ವಾಸನೆ ಬಂದೊಡನೆ ಬಿಸ್ಕ್ರಾ ಎಂಬ ಮರುಭೂಮಿಯ ಅಂಚಿನ ಊರಿಗೆ ಹೋಗಿ ಕುಳಿತರು.

ಅವರು ಅವಕಾಶವಾದಿ, ಮುಳುಗುವ ದೊರೆಯನ್ನು ಬಿಟ್ಟು ಏರುವ ದೊರೆಯ ಕಡೆ ಜಿಗಿಯುತ್ತಿದ್ದರು ಎಂದು ಟೀಕಿಸುವವರಿದ್ದಾರೆ. ಅದರಲ್ಲಿ ಸತ್ಯಾಂಶವಿದೆ, ಅವರನ್ನು ಸಂತನನ್ನಾಗಿ ಮಾಡುವ ಅಗತ್ಯವಿಲ್ಲ. ಆದರೆ ಹೆಂಡತಿ ಮಕ್ಕಳಿರುವ, ಬೇರೆ ಆದಾಯವಿಲ್ಲದ ಮನುಷ್ಯ ಬೇರೇನು ಮಾಡಬಹುದಿತ್ತು ಎಂಬುದನ್ನೂ ಕೇಳಿಕೊಳ್ಳಬೇಕು. ನಿಷ್ಠೆಯಿಂದ ಒಬ್ಬನ ಬಳಿಯೇ ಉಳಿದವರು ಆ ಕಾಲದಲ್ಲಿ ಹೆಚ್ಚಾಗಿ ಅವನ ಜೊತೆಯೇ ಸತ್ತಿದ್ದಾರೆ. ಗ್ರನಾಡಾದ ಇಬ್ನುಲ್ ಖತೀಬರನ್ನು ಮುಂದೆ ಫೆಝ್‌ನ ಸೆರೆಮನೆಯಲ್ಲಿ ಕತ್ತು ಹಿಸುಕಿ ಕೊಂದರು. ತಿಲಿಮ್ಸಾನಿನಲ್ಲಿ ಕಾರ್ಯದರ್ಶಿಯಾಗಿದ್ದ ಇಬ್ನು ಖಲ್ದೂನರ ಸ್ವಂತ ತಮ್ಮ ಯಹ್ಯಾ ಕೂಡ ಕೊಲೆಯಾದರು.

ಬಿಸ್ಕ್ರಾದಲ್ಲಿದ್ದಾಗ ತಿಲಿಮ್ಸಾನಿನ ದೊರೆ ಅಬೂ ಹಮ್ಮು ಹಾಜಿಬ್ ಹುದ್ದೆ ಕೊಡುತ್ತೇನೆಂದು ಬರೆದ. ಇವರು ತಾವು ಹೋಗದೆ ತಮ್ಮನನ್ನು ಕಳಿಸಿದರು. ತಮಗೆ ಈ ಬಗೆಯ ಹುದ್ದೆಗಳ ಅಪಾಯ ತಿಳಿದಿದೆ, ಓದಿಗೂ ಕಾಲ ಸಿಗುತ್ತಿಲ್ಲ ಎಂಬ ಕಾರಣ ಕೊಟ್ಟರು. ಬದಲಿಗೆ ಬೇರೊಂದು ಕೆಲಸ ಮಾಡಿಕೊಡುತ್ತಿದ್ದರು: ಮರುಭೂಮಿಯ ಅರಬ್ ಬುಡಕಟ್ಟುಗಳ ಬಳಿಗೆ ಹೋಗಿ, ಅವರ ಗುಡಾರಗಳಲ್ಲಿ ತಂಗಿ, ಮುಖ್ಯಸ್ಥರನ್ನು ಒಪ್ಪಿಸಿ ಅವರ ಸವಾರರನ್ನು ದೊರೆಯ ಸೈನ್ಯಕ್ಕೆ ಕರೆತರುವುದು. ಇದು ಪದವಿಯಿಲ್ಲದ, ಕರೆದಾಗ ಮಾಡುವ ಕೆಲಸ. ಮೊದಲು ಅಬೂ ಹಮ್ಮುವಿಗಾಗಿ ಮಾಡಿದರು. ಅವನನ್ನು ಫೆಝ್‌ನ ಸುಲ್ತಾನ ಓಡಿಸಿದ ಮೇಲೆ ಆ ಸುಲ್ತಾನನಿಗಾಗಿ ಮಾಡಿದರು. ಯಾವ ಬುಡಕಟ್ಟು ಯಾವುದರ ಜೊತೆ ಏಕೆ ಸೇರುತ್ತದೆ, ಬರಡು ನೆಲದ ಜನ ಊರಿನ ಜನರನ್ನು ಹೇಗೆ ಸೋಲಿಸುತ್ತಾರೆ, ಗೆದ್ದು ಊರಲ್ಲಿ ನೆಲೆಸಿದ ಮೇಲೆ ಅವರ ಒಗ್ಗಟ್ಟು ಹೇಗೆ ಸಡಿಲವಾಗುತ್ತದೆ ಎಂಬುದನ್ನೆಲ್ಲ ಅವರು ಕಲಿತದ್ದು ಗ್ರಂಥಾಲಯದಲ್ಲಿ ಮಾತ್ರವಲ್ಲ, ಈ ಗುಡಾರಗಳಲ್ಲಿ ಕೂಡ. ಅಸಬಿಯ್ಯ, ಅಂದರೆ ಕುಲದ ಒಗ್ಗಟ್ಟು, ಎಂಬ ಅವರ ಪ್ರಸಿದ್ಧ ಸಿದ್ಧಾಂತದ ಬೇರು ಅಲ್ಲಿದೆ.

1372ರಲ್ಲಿ ಕುಟುಂಬದೊಡನೆ ಫೆಝ್‌ಗೆ ಹೊರಟಾಗ ದಾರಿಯಲ್ಲೇ ಸುಲ್ತಾನ ಸತ್ತ ಸುದ್ದಿ ಬಂತು. ಅಬೂ ಹಮ್ಮು ಮತ್ತೆ ಅಧಿಕಾರಕ್ಕೆ ಬಂದಿದ್ದ, ತನ್ನನ್ನು ಬಿಟ್ಟವರ ಮೇಲೆ ಸಿಟ್ಟಾಗಿದ್ದ. ಅವನ ಕಡೆಯವರು ಮರುಭೂಮಿಯಲ್ಲಿ ಇವರ ತಂಡದ ಮೇಲೆ ಬಿದ್ದು ಕುದುರೆ, ಸಾಮಾನುಗಳನ್ನೆಲ್ಲ ದೋಚಿದರು. ಎರಡು ದಿನ ಬರಿಗೈಯಲ್ಲಿ ಅಲೆದು ಹೇಗೋ ಪಾರಾದರು. ಫೆಝ್‌ನಲ್ಲಿ ಕೆಲಕಾಲ, ಗ್ರನಾಡಾದಲ್ಲಿ ಇನ್ನೂ ಕಡಿಮೆ ಕಾಲ ಇದ್ದರು. ಅಲ್ಲಿಂದ ಅವರನ್ನು ಹೊರಗೆ ಕಳಿಸಿದರು. ಕೊನೆಗೆ ಅಬೂ ಹಮ್ಮುವೇ ಕ್ಷಮಿಸಿ, ಮತ್ತೆ ಬುಡಕಟ್ಟುಗಳ ಬಳಿಗೆ ಹೋಗಿ ಬಾ ಎಂದ. ಆಗಲೆಂದು ಊರಿನಿಂದ ಹೊರಬಿದ್ದರು. ಆದರೆ ಕೆಲಸಕ್ಕೆ ಹೋಗಲಿಲ್ಲ. ದಾರಿಯಲ್ಲಿ ಅವ್ಲಾದ್ ಆರಿಫ್ ಎಂಬ ಬುಡಕಟ್ಟಿನವರ ಆಶ್ರಯ ಬೇಡಿದರು. ಅವರು ತಿಲಿಮ್ಸಾನಿನಿಂದ ಕುಟುಂಬವನ್ನೂ ಕರೆಸಿಕೊಟ್ಟು, ಕಲಅತ್ ಇಬ್ನು ಸಲಾಮ ಎಂಬ ತಮ್ಮ ಕೋಟೆಯಲ್ಲಿ ಇರಲು ಜಾಗ ಕೊಟ್ಟರು. ಇಂದು ಅದು ಅಲ್ಜೀರಿಯಾದ ಫ್ರೆಂಡಾ ಊರಿನ ಸಮೀಪದಲ್ಲಿದೆ.

ಅಲ್ಲಿ ಸುಮಾರು ನಾಲ್ಕು ವರ್ಷ ಇದ್ದರು. ಸಂಬಳವಿಲ್ಲ, ದೊರೆಯಿಲ್ಲ, ಕೆಲಸ ಹೇಳುವವರಿಲ್ಲ. ಅಲ್ಲಿ ಕುಳಿತು ಇತಿಹಾಸ ಬರೆಯತೊಡಗಿದರು. ಅದರ ಪೀಠಿಕೆಯೇ ಮುಕದ್ದಿಮಾ. 1377ರಲ್ಲಿ, ಐದು ತಿಂಗಳಲ್ಲಿ, ಅದರ ಮೊದಲ ಕರಡನ್ನು ಮುಗಿಸಿದರು.

ಆ ಗ್ರಂಥದ ಐದನೆಯ ಭಾಗ ಪೂರ್ತಿ ಜೀವನೋಪಾಯದ ಬಗ್ಗೆ ಇದೆ. ಅದನ್ನು ಬರೆದವರು ಇಪ್ಪತ್ತೈದು ವರ್ಷ ಹೊಟ್ಟೆಪಾಡಿಗೆ ಅಲೆದವರು ಎಂಬುದನ್ನು ನೆನಪಿಟ್ಟು ಓದಿದರೆ ಪುಟಗಳಿಗೆ ಬೇರೆಯೇ ಅರ್ಥ ಬರುತ್ತದೆ. ಗಳಿಕೆ ಎಂಬುದು ಮನುಷ್ಯನ ದುಡಿಮೆಯ ಬೆಲೆಯೇ ಎಂದು ಅವರು ವಾದಿಸುತ್ತಾರೆ. ಕೃಷಿ, ಕಸುಬು, ವ್ಯಾಪಾರಗಳು ಸಹಜವಾದ ಜೀವನೋಪಾಯಗಳು, ಇನ್ನೊಬ್ಬರ ಊಳಿಗ ಹಾಗಲ್ಲ ಎಂದು ಹೇಳುತ್ತಾರೆ. ಊಳಿಗದವರಲ್ಲಿ ಸಮರ್ಥನೂ ನಂಬಿಗಸ್ತನೂ ಆದವನು ಸಿಗುವುದೇ ಅಪರೂಪ, ಅವನಿಗೆ ಇನ್ನೊಬ್ಬರ ಕೈಕೆಳಗೆ ದುಡಿಯುವ ಅಗತ್ಯವೇ ಬೀಳುವುದಿಲ್ಲ ಎನ್ನುತ್ತಾರೆ. ಪ್ರಭಾವವುಳ್ಳವರ ಮುಂದೆ ಬಾಗುವವನು ಮೇಲೇರುತ್ತಾನೆ, ತನ್ನ ವಿದ್ಯೆಯ ಮೇಲೆ ಅಭಿಮಾನವಿರುವ ವಿದ್ವಾಂಸ, ಕವಿ, ಲಿಪಿಕಾರ ಬಾಗಲಾರದೆ ಬಡವನಾಗಿಯೇ ಉಳಿಯುತ್ತಾನೆ ಎಂದು ಬರೆಯುತ್ತಾರೆ. ಇದನ್ನು ಯಾವ ಪುಸ್ತಕದಿಂದ ತೆಗೆದರು ಎಂದು ಹುಡುಕಬೇಕಾಗಿಲ್ಲ.

ಖಾಝಿ, ಮುಫ್ತಿ, ಶಿಕ್ಷಕ, ಇಮಾಮ್, ಮುಅಝ್ಝಿನ್ ಮುಂತಾದವರು ಸಾಮಾನ್ಯವಾಗಿ ಶ್ರೀಮಂತರಾಗುವುದಿಲ್ಲ ಎಂಬುದಕ್ಕೂ ಅಲ್ಲಿ ಒಂದು ಪ್ರಕರಣವಿದೆ. ಒಬ್ಬ ಸಜ್ಜನರು ಈ ಮಾತನ್ನು ಒಪ್ಪಲಿಲ್ಲವಂತೆ. ಆಮೇಲೆ ಖಲೀಫ ಮಅಮೂನನ ಕಾಲದ ಕಚೇರಿಯ ಲೆಕ್ಕದ ಹಳೆಯ ಹಾಳೆಗಳು ಇವರ ಕೈಗೆ ಸಿಕ್ಕವು. ಅದರಲ್ಲಿ ಖಾಝಿಗಳು ಮತ್ತು ಇಮಾಮರ ಸಂಬಳಗಳನ್ನು ಬರೆದಿತ್ತು. ತೋರಿಸಿದ ಮೇಲೆ ಆ ಸಜ್ಜನರು ಒಪ್ಪಿಕೊಂಡರು. ನಮ್ಮ ಕಾಲೇಜಿನ ಅಧ್ಯಾಪಕ ಬಂಧುಗಳು ಈ ಭಾಗವನ್ನು ಓದಿ ನಕ್ಕರೆ ಆಶ್ಚರ್ಯವಿಲ್ಲ.

ಇನ್ನೊಂದು ಮಾತು ಕೆಲಸ ಬದಲಿಸುವವರಿಗೆ ನೇರವಾಗಿ ತಾಗುವಂಥದ್ದು. ಒಂದು ಕಸುಬು ಮನಸ್ಸಿನಲ್ಲಿ ಆಳವಾಗಿ ಬೇರೂರಿದ ಮೇಲೆ ಅದೇ ಮನುಷ್ಯನಿಗೆ ಇನ್ನೊಂದು ಕಸುಬು ಅಷ್ಟೇ ಚೆನ್ನಾಗಿ ಹತ್ತುವುದು ಅಪರೂಪ ಎಂದು ಅವರು ಹೇಳುತ್ತಾರೆ. ಪಳಗಿದ ದರ್ಜಿ ಪಳಗಿದ ಬಡಗಿಯೂ ಆಗುವುದು ಕಷ್ಟ ಎಂಬುದು ಅವರ ಉದಾಹರಣೆ. ಓದುವವರಿಗೆ ವಿಚಿತ್ರವೆನಿಸುತ್ತದೆ. ಕಾರಕೂನ, ಕಾರ್ಯದರ್ಶಿ, ರಾಯಭಾರಿ, ಮಂತ್ರಿ, ಸೈನ್ಯ ಕೂಡಿಸುವವ, ಇಷ್ಟೆಲ್ಲ ಆದ ಮನುಷ್ಯ ಇದನ್ನು ಹೇಳುವುದೇ? ನನಗನ್ನಿಸುವಂತೆ ಇದರಲ್ಲಿ ವಿರೋಧವಿಲ್ಲ. ಅವರು ಬದಲಿಸಿದ್ದು ಒಡೆಯರನ್ನು. ಕಸುಬು ಮೊದಲಿನಿಂದಲೂ ಒಂದೇ ಇತ್ತು: ಓದುವುದು, ಬರೆಯುವುದು, ಕಲಿಸುವುದು. ಸಂಬಳ ಮಾತ್ರ ಅದಕ್ಕೆ ಸಿಗುತ್ತಿರಲಿಲ್ಲ.

ಅದಕ್ಕೆ ಸಂಬಳ ಸಿಕ್ಕಿದ್ದು ಐವತ್ತು ದಾಟಿದ ಮೇಲೆ. ಕೋಟೆಯಲ್ಲಿ ತೀವ್ರವಾಗಿ ಕಾಯಿಲೆ ಬಿದ್ದಿದ್ದ ಅವರಿಗೆ, ಬರೆದುದನ್ನು ಪೂರ್ಣಗೊಳಿಸಲು ದೊಡ್ಡ ಗ್ರಂಥಾಲಯವೂ ಬೇಕಿತ್ತು. ಅನುಮತಿ ಪಡೆದು 1378ರಲ್ಲಿ, 26 ವರ್ಷಗಳ ನಂತರ, ಹುಟ್ಟೂರಿಗೆ ಬಂದರು. ಪಾಠ ಆರಂಭಿಸಿದಾಗ ವಿದ್ಯಾರ್ಥಿಗಳು ಗುಂಪುಗುಂಪಾಗಿ ಬಂದರು. ಊರಿನ ಮುಫ್ತಿ ಇಬ್ನು ಅರಫರಿಗೆ ಇದು ಸಹಿಸಲಿಲ್ಲ, ಸುಲ್ತಾನನ ಬಳಿ ದೂರುಗಳು ಶುರುವಾದವು. ಸುಲ್ತಾನನೂ ತನ್ನ ದಂಡಯಾತ್ರೆಗಳಿಗೆ ಇವರನ್ನು ಎಳೆದುಕೊಂಡು ಹೋಗತೊಡಗಿದ. ಮತ್ತೆ ಹಳೆಯ ಬದುಕೇ ಆಗುವ ಲಕ್ಷಣ ಕಂಡಾಗ ಹಜ್‌ಗೆ ಹೋಗುವ ಅನುಮತಿ ಕೇಳಿದರು. ಅದನ್ನು ಯಾವ ಸುಲ್ತಾನನೂ ನಿರಾಕರಿಸುವಂತಿಲ್ಲ. 1382ರ ಅಕ್ಟೋಬರಿನಲ್ಲಿ ಹಡಗು ಹತ್ತಿದರು. ಕುಟುಂಬ ಮಾತ್ರ ಟ್ಯುನಿಸ್‌ನಲ್ಲೇ ಉಳಿಯಿತು.

1383ರ ಜನವರಿಯಲ್ಲಿ ಕೈರೋ ತಲುಪಿದರು. ಅಂಥ ನಗರವನ್ನು ಅವರು ಕಂಡಿರಲಿಲ್ಲ. ಅಲ್ಲಿ ವಕ್ಫ್ ಆಸ್ತಿಗಳ ಆದಾಯದಿಂದ ನಡೆಯುವ ಅಸಂಖ್ಯ ಮದ್ರಸಾಗಳಿದ್ದವು. ಕಲಿಸುವವರಿಗೆ ಸಂಬಳ ಬರುತ್ತಿದ್ದುದು ಆ ವಕ್ಫ್‌ಗಳಿಂದ. ಪಶ್ಚಿಮದ ಊರುಗಳಲ್ಲಿ ಇಲ್ಲದಿದ್ದದ್ದು ಇದೇ ಎಂದು ಅವರು ಗುರುತಿಸಿದ್ದಾರೆ: ಕೈರೋದಲ್ಲಿ ವಿದ್ಯೆ ಉಳಿದಿರುವುದಕ್ಕೆ ವಕ್ಫ್‌ಗಳೇ ಕಾರಣ ಎಂದು ಮುಕದ್ದಿಮಾದಲ್ಲಿ ವಿವರಿಸುತ್ತಾರೆ. ಬಂದ ಕೆಲವೇ ದಿನಗಳಲ್ಲಿ ಅಲ್ ಅಝ್‌ಹರ್‌ನಲ್ಲಿ ಪಾಠ ಶುರುವಾಯಿತು. ಸುಲ್ತಾನ ಬರ್ಕೂಕ್ 1384ರಲ್ಲಿ ಕಮ್‌ಹಿಯ್ಯ ಮದ್ರಸಾದಲ್ಲಿ ಮಾಲಿಕಿ ಫಿಕ್‌ಹ್‌ನ ಅಧ್ಯಾಪಕ ಹುದ್ದೆ ಕೊಟ್ಟ. ಅದೇ ವರ್ಷದ ಆಗಸ್ಟ್‌ನಲ್ಲಿ ಮಾಲಿಕಿಗಳ ಮುಖ್ಯ ಖಾಝಿಯನ್ನಾಗಿಯೂ ನೇಮಿಸಿದ.

ನೆಲೆ ಸಿಕ್ಕಿದೊಡನೆ ಕುಟುಂಬವನ್ನು ಕರೆಸಿಕೊಳ್ಳಬೇಕೆಂದರೆ ಟ್ಯುನಿಸ್‌ನ ಸುಲ್ತಾನ ಬಿಡುತ್ತಿರಲಿಲ್ಲ. ಅವರನ್ನು ಹಿಡಿದಿಟ್ಟರೆ ಇವರು ಮರಳಿ ಬರುತ್ತಾರೆಂಬ ಲೆಕ್ಕ. ಬರ್ಕೂಕ್ ತಾನೇ ಪತ್ರ ಬರೆದ ಮೇಲೆ ಅನುಮತಿ ಸಿಕ್ಕಿತು. ಹೆಂಡತಿ ಮಕ್ಕಳನ್ನು ಹೊತ್ತು ಹೊರಟ ಹಡಗು ಅಲೆಕ್ಸಾಂಡ್ರಿಯಾದ ಸಮೀಪ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಮೂವತ್ತು ವರ್ಷ ಊರಿಂದೂರಿಗೆ ಅವರ ಹಿಂದೆ ಅಲೆದ ಸಂಸಾರ, ಅವರು ನೆಲೆನಿಂತ ಊರಿನ ಬಾಗಿಲಿಗೆ ಬಂದು ಇಲ್ಲವಾಯಿತು. ಅವರ ಆತ್ಮಕಥೆಯಲ್ಲಿ ಇದಕ್ಕೆ ಕೆಲವೇ ಸಾಲುಗಳಿವೆ. ದೊರೆಗಳ ಬಗ್ಗೆ ಪುಟಗಟ್ಟಲೆ ಬರೆದವರು ಇಲ್ಲಿ ಹೆಚ್ಚು ಹೇಳಿಲ್ಲ.

ಖಾಝಿಯ ಪೀಠದಲ್ಲಿ ಅವರು ಬಹಳ ಬಿಗಿಯಾಗಿದ್ದರು. ದೊಡ್ಡವರ ಶಿಫಾರಸನ್ನು ಕೇಳಲಿಲ್ಲ, ಲಂಚಕೋರ ಸಾಕ್ಷಿಗಳನ್ನೂ ದಸ್ತಾವೇಜು ಬರೆಯುವವರನ್ನೂ ಶಿಕ್ಷಿಸಿದರು. ಕೈರೋದ ಖಾಝಿಗಳ ಉಡುಪು ಹಾಕದೆ ತಮ್ಮೂರಿನ ಬುರ್ನೂಸನ್ನೇ ತೊಡುತ್ತಿದ್ದರೆಂದೂ ಜನ ಆಡಿಕೊಂಡರು. ವಿರೋಧ ಬೆಳೆಯಿತು. ಒಂದು ವರ್ಷಕ್ಕೆ ಹುದ್ದೆ ಹೋಯಿತು. ಆ ದುಃಖದಲ್ಲಿ ಅದು ಹೋದದ್ದೇ ಅವರಿಗೆ ಹಗುರವೆನಿಸಿತು. ಮೊದಲಾಗಿದ್ದರೆ ಕೆಲಸ ಹೋದೊಡನೆ ಊರನ್ನೇ ಬಿಡುತ್ತಿದ್ದರು. ಈ ಸಲ ಬಿಡಲಿಲ್ಲ, ಪಾಠ ಹೇಳುತ್ತಾ ಕೈರೋದಲ್ಲೇ ಉಳಿದರು. 1387ರಲ್ಲಿ ಹಜ್ ಯಾತ್ರೆ ಹೋಗಿ ಮರಳಿದರು. 1389ರಲ್ಲಿ ಸರ್ಗಿತ್ಮಿಷ್ ಮದ್ರಸಾದಲ್ಲಿ ಹದೀಸ್ ಅಧ್ಯಾಪಕರಾದರು. ಒಂದು ಮದ್ರಸಾ ಹೋದರೆ ಇನ್ನೊಂದು ಸಿಗುತ್ತಿತ್ತು. ಎರಡನೆಯ ಸಲ ಖಾಝಿಯಾಗಲು ಕರೆ ಬಂದದ್ದು 14 ವರ್ಷಗಳ ನಂತರ, 1399ರಲ್ಲಿ. ಆ 14 ವರ್ಷಗಳೇ ಅವರ ಬದುಕಿನ ಅತ್ಯಂತ ನೆಮ್ಮದಿಯ ನೌಕರಿಯ ಕಾಲ. ಅದರಲ್ಲಿ ಹೇಳಿಕೊಳ್ಳುವಂಥ ಘಟನೆಗಳು ಬಹಳ ಕಡಿಮೆ.

ಬೋಧನೆಯ ಬಗ್ಗೆ ಅವರಿಗೆ ಖಚಿತ ಅಭಿಪ್ರಾಯಗಳಿದ್ದವು. ಮಕ್ಕಳನ್ನು ಹೊಡೆದು ಬಡಿದು ಕಲಿಸಿದರೆ ಅವರು ಸುಳ್ಳು, ಕಪಟ ಕಲಿಯುತ್ತಾರೆ ಎಂದು ಮುಕದ್ದಿಮಾದಲ್ಲಿ ಬರೆದಿದ್ದಾರೆ. ವಿಷಯವನ್ನು ಹಿಂಡಿ ಚಿಕ್ಕದಾಗಿ ಮಾಡಿದ ಸಾರಸಂಗ್ರಹಗಳು ಕಲಿಕೆಗೆ ಹಾನಿ ಎಂದೂ ಬರೆದಿದ್ದಾರೆ. ಪರೀಕ್ಷೆಯ ಹಿಂದಿನ ವಾರ ಗೈಡ್ ಹಿಡಿದು ಕೂರುವ ಗೆಳೆಯರು ಇದನ್ನು ಗಮನಿಸಬಹುದು. ಈಜಿಪ್ಟಿನ ಪ್ರಸಿದ್ಧ ಇತಿಹಾಸಕಾರ ಮಕ್ರೀಝಿ ಅವರ ಶಿಷ್ಯರು. ಹದೀಸ್ ವಿದ್ವಾಂಸ ಇಬ್ನು ಹಜರ್ ಕೂಡ ಅವರಿಂದ ಕೇಳಿ ಕಲಿತವರು, ಮುಂದೆ ಅವರನ್ನು ಕಟುವಾಗಿ ವಿಮರ್ಶಿಸಿದವರೂ ಹೌದು.

1401ರ ಜನವರಿಯಲ್ಲಿ, ಈಗಾಗಲೇ ಎರಡನೆಯ ಸಲ ಖಾಝಿ ಹುದ್ದೆ ಕಳೆದುಕೊಂಡಿದ್ದ 68ರ ವೃದ್ಧರು, ತೈಮೂರನ ಮುತ್ತಿಗೆಗೆ ಸಿಕ್ಕಿದ್ದ ಡಮಾಸ್ಕಸ್‌ನ ಕೋಟೆ ಗೋಡೆಯಿಂದ ಹಗ್ಗದ ಮೂಲಕ ಕೆಳಗಿಳಿದು ಅವನನ್ನು ಭೇಟಿಯಾದರು. ಸುಮಾರು 35 ದಿನ ಅವನ ಪಾಳೆಯಕ್ಕೆ ಹೋಗಿ ಬರುತ್ತಿದ್ದರು. ಕುರ್‌ಆನ್ ಪ್ರತಿ, ಜಮಖಾನ, ನಾಲ್ಕು ಡಬ್ಬಿ ಈಜಿಪ್ಟಿನ ಮಿಠಾಯಿ ಉಡುಗೊರೆ ಕೊಟ್ಟರು. ತೈಮೂರ್ ಕೇಳಿದನೆಂದು ಉತ್ತರ ಆಫ್ರಿಕಾದ ವಿವರವಾದ ವರ್ಣನೆಯನ್ನು ಬರೆದುಕೊಟ್ಟರು. ಆ ಕಾಲದ ಅತ್ಯಂತ ಬಲಿಷ್ಠ ದೊರೆ ಅವರನ್ನು ಮೆಚ್ಚಿದ್ದ. ಮೂವತ್ತು ವರ್ಷ ಹಿಂದಿನ ಇಬ್ನು ಖಲ್ದೂನ್ ಆಗಿದ್ದರೆ ಅವನ ಸೇವೆಗೆ ಸೇರುತ್ತಿದ್ದರೇನೋ. ಇವರು ಅಪ್ಪಣೆ ಪಡೆದು ಕೈರೋಗೆ ಹೊರಟರು. ದಾರಿಯಲ್ಲಿ ಮತ್ತೊಮ್ಮೆ ಕಳ್ಳರು ದೋಚಿದರು.

ಮುಂದಿನ ಐದು ವರ್ಷಗಳಲ್ಲಿ ಖಾಝಿ ಹುದ್ದೆ ಬಂತು, ಹೋಯಿತು, ಮತ್ತೆ ಬಂತು. ಈ ನಡುವೆ ಮುಕದ್ದಿಮಾವನ್ನು ತಿದ್ದುವುದು, ಸೇರಿಸುವುದು ನಡೆದೇ ಇತ್ತು. ಇದಕ್ಕೂ ಮೊದಲು, 1396ರ ಸುಮಾರಿಗೆ, ತಮ್ಮ ಇತಿಹಾಸಗ್ರಂಥದ ಒಂದು ಪ್ರತಿಯನ್ನು ಫೆಝ್‌ನ ಕರವಿಯ್ಯೀನ್ ಮಸೀದಿಯ ಗ್ರಂಥಾಲಯಕ್ಕೆ ವಿದ್ಯಾರ್ಥಿಗಳ ಉಪಯೋಗಕ್ಕೆಂದು ವಕ್ಫ್ ಮಾಡಿ ಕಳಿಸಿದ್ದರು, 21 ತಿಂಗಳು ಜೈಲಿನಲ್ಲಿಟ್ಟ ಅದೇ ಊರಿಗೆ. 1406ರಲ್ಲಿ ಆರನೆಯ ಬಾರಿ ಖಾಝಿಯಾಗಿ ನೇಮಕವಾಯಿತು. ಕೆಲವೇ ವಾರಗಳಲ್ಲಿ, ಮಾರ್ಚ್ 17ರಂದು, ಹುದ್ದೆಯಲ್ಲಿದ್ದಾಗಲೇ ತೀರಿಕೊಂಡರು. ಅದು ರಮಳಾನ್ ತಿಂಗಳು. ಕೈರೋದ ಬಾಬುನ್ನಸ್ರ್ ಹೆಬ್ಬಾಗಿಲಿನ ಹೊರಗೆ, ಸೂಫಿಗಳ ಖಬರಸ್ತಾನದಲ್ಲಿ ಅವರನ್ನು ದಫನ ಮಾಡಲಾಯಿತು.